ಟೇಬಲ್ ಮೇಲೆ ಉರಿದ ಎಲ್‌ಇಡಿ ಕಿಲ್ನ್ ಪಕ್ಕ ಯಾಕೆ ಆರಿತು?

ಬಳ್ಳಾರಿ ಹತ್ತಿರದ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ನಾನು ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮ ನಿತ್ಯದ ತಲೆನೋವು ಕಿಲ್ನ್ (ಅದಿರು ಕಾಯಿಸುವ, ಉಕ್ಕಿನ ಕೊಳವೆಯಂಥ ದೊಡ್ಡ ಕುಲುಮೆ) ಮೇಲಿನ ಸ್ಲಿಪ್ ರಿಂಗ್, ಅಂದರೆ ಅದರ ಸುತ್ತ ಕೂರಿಸಿದ ಲೋಹದ ಬಳೆ. ಕಿಲ್ನ್ ತಿರುಗುತ್ತಲೇ ಇರುತ್ತದೆ, ವೈರ್ ಎಳೆಯೋಕಾಗಲ್ಲ. ಅದರ ಮೈಮೇಲಿನ ಫ್ಯಾನ್‌ಗಳಿಗೆ ಕರೆಂಟು ಹೋಗುವುದೂ, ಥರ್ಮೋಕಪಲ್ (ಕಾವು ಅಳೆಯುವ ಸೆನ್ಸರ್) ರೀಡಿಂಗ್ ಬರುವುದೂ ರಿಂಗಿಗೆ ಉಜ್ಜುವ ಕಾರ್ಬನ್ ಬ್ರಷ್‌ನಿಂದಲೇ. ನಮ್ಮ ಕಡೆಯ ಕೆಂಪು ಧೂಳು ಗೊತ್ತಲ್ವಾ? ಅದರ ಜೊತೆ ಕಲ್ಲಿದ್ದಲ ಪುಡಿಯೂ ಕೂತರೆ ರೀಡಿಂಗ್ ಕುಣಿಯೋಕೆ ಶುರು.

ಹೊಸದಾಗಿ ಸೇರಿದ ಹುಡುಗ ಕೇಳಿದ, "ಸರ್, ವೈರೇ ಇಲ್ಲದೆ ಕರೆಂಟು ಕೊಟ್ಟರೆ ಹೇಗೆ?"

ಆಗದ ಮಾತೇನಲ್ಲ. 2007ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮರಿನ್ ಸೋಲ್ಯಾಚಿಚ್ ತಂಡ 2 ಮೀಟರ್ ದೂರದ 60 ವ್ಯಾಟ್ ಬಲ್ಬನ್ನು ಹೀಗೇ, ಒಂದು ತಂತಿ ಸುರುಳಿಯಿಂದ ಇನ್ನೊಂದಕ್ಕೆ ಗಾಳಿಯಲ್ಲೇ ಪವರ್ ಕಳಿಸಿ ಉರಿಸಿತ್ತು. ಸುರುಳಿಗಳ ಅಗಲ 60 ಸೆಂ.ಮೀ., ಫ್ರೀಕ್ವೆನ್ಸಿ ಸುಮಾರು 10 ಮೆಗಾಹರ್ಟ್ಸ್. ಆದರೆ ಆ ಕಡೆ ಮುಟ್ಟಿದ್ದು ಸುಮಾರು 40 ಪರ್ಸೆಂಟ್ ಮಾತ್ರ. ಫ್ಯಾನ್ ಮೋಟಾರಿಗೆ ಈ ಲೆಕ್ಕ ಹಿಡಿದುಕೊಂಡು ಮ್ಯಾನೇಜರ್ ಮುಂದೆ ಹೋಗೋ ಹಾಗಿಲ್ಲ. ಥರ್ಮೋಕಪಲ್ ಸಿಗ್ನಲ್ ಕಳಿಸುವ ಪುಟ್ಟ ಟ್ರಾನ್ಸ್‌ಮಿಟರ್‌ಗೆ ಒಂದು ವ್ಯಾಟೂ ಬೇಡ. ಅಲ್ಲಿ ನೋಡಬಹುದು ಅಂದೆ.

ಹುಡುಗ 100 ಕಿಲೋಹರ್ಟ್ಸ್‌ಗೆ ಎರಡು ಸುರುಳಿ ಸುತ್ತಿ, ಕೆಪಾಸಿಟರ್ ಹಾಕಿದ. ಟೇಬಲ್ ಮೇಲೆ ಒಂದು ಗೇಣು ಅಂತರದಲ್ಲಿ ಎಲ್‌ಇಡಿ ಝಗ್ಗಂತ ಉರಿಯಿತು. ಕಿಲ್ನ್ ಪಕ್ಕ ತಂದ ಕೂಡಲೇ ಮಂಕಾಗಿ ಆರಿತು. ಅಂತರ ಅಷ್ಟೇ ಇತ್ತು. ಹೊಸದಾಗಿ ಬಂದದ್ದು ಸುರುಳಿಯ ಹಿಂದಿನ ಉಕ್ಕಿನ ಗೋಡೆ, ಅಂದರೆ ಕಿಲ್ನ್‌ನ ಶೆಲ್. ಉಕ್ಕು ಹತ್ತಿರ ಬಂದರೆ ಸುರುಳಿಯ ಇಂಡಕ್ಟೆನ್ಸ್ ಬದಲಾಗಿ, ಅದು ಕೂತ ಫ್ರೀಕ್ವೆನ್ಸಿಯೂ ಜಾರುತ್ತದೆ. ಅದರ ಜೊತೆಗೆ ಉಕ್ಕಿನೊಳಗೆ ಎಡ್ಡಿ ಕರೆಂಟ್ (ಸುಳಿಯಂತೆ ಸುತ್ತುವ ಕರೆಂಟು) ಹುಟ್ಟಿ ಪವರ್ ತಿನ್ನುತ್ತದೆ.

ಎರಡೂ ಸುರುಳಿ ಒಂದೇ ಫ್ರೀಕ್ವೆನ್ಸಿಗೆ ಕೂರಬೇಕು, ರೇಡಿಯೊದಲ್ಲಿ ಹೊಸಪೇಟೆ ಆಕಾಶವಾಣಿ ಹಿಡಿದ ಹಾಗೆ. ಸುರುಳಿಯ ಕ್ಯೂ (ಪವರ್ ಸೋರಿಕೆ ಎಷ್ಟು ಕಡಿಮೆ ಅನ್ನೋ ಅಳತೆ) ಜಾಸ್ತಿ ಇದ್ದಷ್ಟೂ ದೂರಕ್ಕೆ ಮುಟ್ಟುತ್ತದೆ, ಆದರೆ ಹಿಡಿಯುವ ಫ್ರೀಕ್ವೆನ್ಸಿ ಕಿಂಡಿ ಕಿರಿದಾಗುತ್ತದೆ. 100 ಕಿಲೋಹರ್ಟ್ಸ್‌ಗೆ ಕ್ಯೂ 100 ಇದ್ದರೆ ಸಿಗುವುದು 1 ಕಿಲೋಹರ್ಟ್ಸ್ ಕಿಂಡಿ. ಕೆಪಾಸಿಟರ್‌ನ ಕೆಪಾಸಿಟೆನ್ಸ್ 2 ಪರ್ಸೆಂಟ್ ಏರಿದರೂ ಫ್ರೀಕ್ವೆನ್ಸಿ 1 ಪರ್ಸೆಂಟ್ ಇಳಿದು ಕಿಂಡಿಯ ಆಚೆ ಹೋಗುತ್ತದೆ. ಕಿಲ್ನ್ ಕಾವಿಗೆ ಮಾಮೂಲಿ ಸೆರಾಮಿಕ್ ಕೆಪಾಸಿಟರ್ ಇದಕ್ಕಿಂತ ಜಾಸ್ತಿ ಜಾರುತ್ತದೆ.

ಹಾಗಾಗಿ ಸುರುಳಿಗೂ ಉಕ್ಕಿಗೂ ನಡುವೆ, ಕಾಂತಕ್ಷೇತ್ರ ಉಕ್ಕಿಗೆ ಹೋಗದಂತೆ ತಡೆಯುವ ಫೆರೈಟ್ ಬಿಲ್ಲೆ ಇಟ್ಟೆವು. ಕಾವಿಗೆ ಅಷ್ಟಾಗಿ ಜಾರದ ಎನ್‌ಪಿಓ ಕೆಪಾಸಿಟರ್ ಹಾಕಿದೆವು. ಟ್ಯೂನಿಂಗ್ ಕೂಡ ಕಿಲ್ನ್ ಪಕ್ಕದಲ್ಲೇ, ಬಿಸಿ ಇರುವಾಗಲೇ ಮಾಡಿದೆವು. ಈ ಕೊನೇದಕ್ಕೆ ಹುಡುಗ ಗೊಣಗಿದ. ಏಪ್ರಿಲ್‌ನ ಬಳ್ಳಾರಿ ಬಿಸಿಲು, ಮೇಲೆ ಕಿಲ್ನ್ ಕಾವು, ಗೊಣಗದೆ ಇನ್ನೇನು ಮಾಡ್ತಾನೆ. ಆದರೂ ಎಸಿ ರೂಮಿನ ಟ್ಯೂನಿಂಗ್ ಇಲ್ಲಿ ನಿಲ್ಲಲ್ಲ.

ಇನ್ನೊಂದು ತೊಡಕು ಉಳಿದಿದೆ. ತಿರುಗುವ ಸುರುಳಿ ನಿಂತ ಸುರುಳಿಗೆ ಎದುರಾಗುವುದು ಸುತ್ತಿಗೆ ಒಮ್ಮೆ, ಅದೂ ಸ್ವಲ್ಪ ಹೊತ್ತು. ಆಗ ಸಿಕ್ಕಿದ್ದನ್ನು ಸೂಪರ್ ಕೆಪಾಸಿಟರ್‌ನಲ್ಲಿ ಕೂಡಿಟ್ಟು ಉಳಿದ ಸುತ್ತು ಕಳೆಯಬೇಕು. ಅದಕ್ಕೂ ಕಾವು ಆಗಿಬರಲ್ಲ. ಅದಕ್ಕೇ ಡಬ್ಬಿಯನ್ನು ಶೆಲ್‌ಗೆ ತಾಗಿಸದೆ, ಕಾಲು ಕೊಟ್ಟು ದೂರ ನಿಲ್ಲಿಸುತ್ತಿದ್ದೇವೆ. ಸದ್ಯ ಒಂದೇ ಥರ್ಮೋಕಪಲ್‌ಗೆ ಹಾಕಿ, ಪಕ್ಕದ ಸ್ಲಿಪ್ ರಿಂಗ್ ರೀಡಿಂಗ್ ಜೊತೆ ತಾಳೆ ನೋಡುತ್ತಿದ್ದೇವೆ. ಫ್ಯಾನ್‌ಗಳು ಬ್ರಷ್ ಮೇಲೆಯೇ ನಡೆಯಲಿ.