ಹಳೇ ರೈಲಿನ ಕಾರ್ಡು: ಮೊದಲು ಬೆನ್ನು ನೋಡ್ರಿ

ಬೆಳಗಾವಿ ಕ್ಯಾಂಪಿನ ಹಳೇ ಬಂಗಲೆ ಖಾಲಿಯಾದಾಗ, ಇಲ್ಲವೇ ವಿಜಯಪುರದ ಕಡೆ ಒಂದು ವಾಡೆಯ ಅಟ್ಟ ಇಳಿಸಿದಾಗ, ಚಿತ್ರದ ಪೋಸ್ಟ್‌ಕಾರ್ಡುಗಳು ರದ್ದಿಯವರ ಕೈ ದಾಟಿ ಸಂಗ್ರಹದ ಟೇಬಲ್ಲಿಗೆ ಬರುತ್ತವೆ. ಹೊಸದಾಗಿ ಈ ಕೆಲಸಕ್ಕೆ ಕೂತವರು ಚಿತ್ರದ ಕೆಳಗಿನ ಊರಿನ ಹೆಸರು, ಅಂಚೆ ಮುದ್ರೆಯ ಇಸವಿ ಎರಡನ್ನೂ ಜೋಡಿಸಿ ‘ಬೆಳಗಾವಿ ಸ್ಟೇಷನ್, 1912’ ಎಂದು ರಜಿಸ್ಟರಿಗೆ ಏರಿಸಿಬಿಡುತ್ತಾರೆ. ಆ ಸಾಲಿನಲ್ಲಿ ಊರೂ ತಪ್ಪಿರಬಹುದು, ಇಸವಿಯೂ ತಪ್ಪಿರಬಹುದು. ಫೋಟೋ ತೆಗೆದ ವರ್ಷ, ಕಾರ್ಡು ಅಚ್ಚಾದ ವರ್ಷ, ಅಂಚೆ ಡಬ್ಬಿಗೆ ಬಿದ್ದ ವರ್ಷ ಮೂರೂ ಬೇರೆ. ಒಳ್ಳೇ ನೆಗೆಟಿವ್ ಇದ್ದರೆ ಸ್ಟುಡಿಯೋದವರು ವರ್ಷಗಟ್ಟಲೆ ಅದನ್ನೇ ಅಚ್ಚು ಹಾಕುತ್ತಿದ್ದರು. ಅದಕ್ಕೇ ರಜಿಸ್ಟರಿನಲ್ಲಿ ಇಸವಿಗೆ ಮೂರು ಕಾಲಮ್ ಬೇಕು, ಒಂದಲ್ಲ.

ಚಿತ್ರ ಎಷ್ಟೇ ಚೆಂದ ಇರಲಿ, ಮೊದಲು ಕಾರ್ಡು ಮಗುಚಿ. ಹಿಂಬದಿಯ ನಡುವೆ ಗೆರೆ ಇಲ್ಲದೆ ಪೂರ್ತಿ ಜಾಗ ವಿಳಾಸಕ್ಕೇ ಮೀಸಲಾಗಿದ್ದರೆ, ಬರೆದವರು ಒಕ್ಕಣೆಯನ್ನು ಚಿತ್ರದ ಅಂಚಿನಲ್ಲಿ ಇರುಕಿಸಿದ್ದರೆ, ಅದು ಹಳೇ ಮಾದರಿ. ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಎಂದು ಹಿಂಬದಿಯನ್ನು ಭಾಗ ಮಾಡಲು ಬ್ರಿಟನ್ 1902ರಲ್ಲಿ ಒಪ್ಪಿತು, ಜರ್ಮನಿ 1905ರಲ್ಲಿ. 1906ರ ಅಂತಾರಾಷ್ಟ್ರೀಯ ಅಂಚೆ ಒಪ್ಪಂದದ ಮೇಲೆ ಅದೇ ಎಲ್ಲ ಕಡೆ ವಾಡಿಕೆಯಾಯಿತು. ಇದು ಅಚ್ಚಿನ ಲೆಕ್ಕ ಮಾತ್ರ. ಅಂಗಡಿಯಲ್ಲಿ ಉಳಿದ ಹಳೇ ಕಾರ್ಡು 1910ರ ನಂತರವೂ ಮಾರಾಟವಾಗಿರಬಹುದು.

ಅಂಚೆಚೀಟಿ ಮೂರನೇ ಕಾಲಮ್ಮಿನ ಸಾಕ್ಷಿ. ಏಳನೇ ಎಡ್ವರ್ಡನ ಮುಖವಿದ್ದರೆ 1902ರಿಂದ ಈಚೆ, ಐದನೇ ಜಾರ್ಜನದಾದರೆ 1911ರಿಂದ ಈಚೆ. ದೇಶದೊಳಗಿನ ಕಾರ್ಡಿಗೆ ಕಾಲಾಣೆ ಇದ್ದದ್ದು 1922ರಲ್ಲಿ ಅರ್ಧಾಣೆಯಾಯಿತು. ಚೀಟಿ ಕಿತ್ತುಹೋಗಿದ್ದರೂ ಮುದ್ರೆಯ ಅರ್ಧ ವೃತ್ತ ಕಾರ್ಡಿನ ಮೇಲೆ ಉಳಿದಿರುತ್ತದೆ. ಟಾರ್ಚನ್ನು ಮೇಲಿನಿಂದ ಹಿಡಿಯದೆ ಟೇಬಲ್ಲಿಗೆ ಹತ್ತಿರ ಅಡ್ಡಡ್ಡ ಹಿಡಿದರೆ ಮಸಿ ಹೋದ ಅಕ್ಷರದ ಒತ್ತು ಕಾಣುತ್ತದೆ. ಚೀಟಿ ಇದ್ದರೆ ಅದನ್ನು ನೀರಿಗೆ ಹಾಕಿ ಬಿಡಿಸುವ ಹುಚ್ಚು ಬೇಡ. ಕಾರ್ಡು, ಚೀಟಿ, ಮುದ್ರೆ ಮೂರೂ ಒಟ್ಟಿಗೆ ಇದ್ದಾಗಲೇ ಅದು ದಾಖಲೆ.

ಆಮೇಲೆ ಪತ್ತಾರರು ಕಣ್ಣಿಗೆ ಹಿಡಿಯುವ 10 ಪಟ್ಟಿನ ಲೂಪು ತಗೊಳ್ಳಿ. ಸಾಲುಸಾಲು ಚುಕ್ಕೆ ಕಂಡರೆ ಹಾಫ್‌ಟೋನ್ ಅಚ್ಚು. ಬತ್ತಿದ ಕೆರೆಯ ಬಿರುಕಿನಂಥ ಸಣ್ಣ ಜಾಲ ಕಂಡರೆ ಕೊಲೊಟೈಪ್ ಎಂಬ ಇನ್ನೊಂದು ಬಗೆಯ ಅಚ್ಚು. ಚುಕ್ಕೆಯೂ ಇಲ್ಲದೆ ಜಾಲವೂ ಇಲ್ಲದೆ ಬಣ್ಣ ನುಣ್ಣಗೆ ಕರಗಿದ್ದರೆ ಅದು ನಿಜವಾದ ಫೋಟೋ ಕಾರ್ಡು. ಅದರ ಕಪ್ಪು ಭಾಗದ ಅಂಚಿನಲ್ಲಿ ಬೆಳ್ಳಿಯ ಹೊಳಪು ಬಂದಿರುವುದುಂಟು. ಅದು ಕೊಳೆಯಲ್ಲ, ಕಾಗದದೊಳಗಿನ ಬೆಳ್ಳಿಯೇ ಮೇಲೆ ಬಂದದ್ದು, ಒರೆಸಬಾರದು. ಅನುಮಾನ ಬಂದ ಕಾರ್ಡನ್ನು ಕತ್ತಲಲ್ಲಿ, ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗಿಡಿ. ಕಾಗದ ನೀಲಿಯಾಗಿ ಝಗ್ಗನೆ ಹೊಳೆದರೆ ಅದರಲ್ಲಿ 1950ರ ಸುಮಾರಿಗೆ ಬಳಕೆಗೆ ಬಂದ ಬಿಳಿಮಾಡುವ ರಾಸಾಯನಿಕ ಇದೆ, ಅಂದರೆ ಮರುಮುದ್ರಣ. ಮಾರುವವರು ಎಷ್ಟೇ ಆಣೆ ಹಾಕಿದರೂ ಅಷ್ಟೇ.

ಇನ್ನು ಚಿತ್ರ. ನಮ್ಮ ಸೀಮೆಗೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು ಮೀಟರ್ ಗೇಜ್, ಹಳಿಯಿಂದ ಹಳಿಗೆ 1000 ಮಿ.ಮೀ. ಬೆಳಗಾವಿಯ ಹಳಿ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ, ವಿಜಯಪುರದ ಕಡೆ ಇನ್ನೂ ತಡ. ಹಾಗಾಗಿ ‘ಬೆಳಗಾವಿ’ ಎಂದು ಅಚ್ಚಾದ ಹಳೇ ಕಾರ್ಡಿನಲ್ಲಿ ಬ್ರಾಡ್‌ಗೇಜ್ ಬಂಡಿ ನಿಂತಿದ್ದರೆ ಊರು ಬೇರೆ. ಪತ್ತೆಗೆ ಬೋಗಿಯ ತುದಿ ನೋಡಿ: ತಟ್ಟೆಯಂಥ ಬಫರ್ ಎಡಕ್ಕೊಂದು ಬಲಕ್ಕೊಂದು ಇದ್ದರೆ ಬ್ರಾಡ್‌ಗೇಜ್. ನಟ್ಟನಡುವೆ ಒಂದೇ ಇದ್ದು ಅದರಲ್ಲೇ ಕೊಂಡಿಯೂ ಇದ್ದರೆ ಮೀಟರ್ ಗೇಜ್. ತುದಿ ಮಸುಕಾಗಿದ್ದರೆ, ಬಂಡಿ ಎದುರುಮುಖವಾಗಿ ನಿಂತ ಚಿತ್ರದಲ್ಲಿ ಬೋಗಿಯ ಅಗಲವನ್ನು ಅದರ ಚಕ್ರದ ಬುಡದಲ್ಲಿನ ಹಳಿ ಅಂತರದಿಂದ ಭಾಗಿಸಿ. ಎರಡೂವರೆ ಆಸುಪಾಸು ಬಂದರೆ ಮೀಟರ್ ಗೇಜ್, ಎರಡರ ಒಳಗೆ ಬಂದರೆ ಬ್ರಾಡ್‌ಗೇಜ್. ಅಳತೆ ಎರಡೂ ಒಂದೇ ದೂರದ್ದಿರಬೇಕು. ಮುಂದಿನ ಹಳಿಯನ್ನು ಹಿಂದಿನ ಬೋಗಿಯ ಜೊತೆ ಅಳೆದರೆ ಲೆಕ್ಕವೆಲ್ಲ ಹೊಳೆಗೆ ಬಿದ್ದ ಹಾಗೆ.

ಜಂಕ್ಷನ್ ಚಿತ್ರಗಳಲ್ಲಿ ಮಾತ್ರ ಈ ಉಪಾಯ ಕೈಕೊಡುತ್ತದೆ. ಹೋಟಗಿಯಲ್ಲಿ ಗದಗಿನ ಕಡೆಯಿಂದ ಬಂದ ಮೀಟರ್ ಗೇಜ್ ಸೊಲ್ಲಾಪುರದ ಬ್ರಾಡ್‌ಗೇಜನ್ನು ಮುಟ್ಟುತ್ತಿತ್ತು. ಮೀರಜಿನಲ್ಲಂತೂ ಬಾರ್ಶಿ ಲೈಟ್ ರೈಲ್ವೆಯ 762 ಮಿ.ಮೀ. ಸಣ್ಣ ಹಳಿಯೂ ಇತ್ತು.

ಬೋಗಿಯ ಮೈಮೇಲಿನ ಅಕ್ಷರ ಚಿತ್ರದ ವಯಸ್ಸು ಹೇಳುತ್ತದೆ. ಸದರ್ನ್ ಮರಾಠಾ, ಮದ್ರಾಸ್ ರೈಲ್ವೆಯೊಂದಿಗೆ ಕೂಡಿ ಎಂ. ಆಂಡ್ ಎಸ್.ಎಂ. ಆದದ್ದು 1908ರಲ್ಲಿ. ಅದು ಸದರ್ನ್ ರೈಲ್ವೆಗೆ ಸೇರಿದ್ದು 1951ರ ಏಪ್ರಿಲ್‌ನಲ್ಲಿ. ಹೊಸ ಅಕ್ಷರ ಕಂಡರೆ ‘ಇದಕ್ಕಿಂತ ಹಿಂದಿನದಲ್ಲ’ ಎಂದು ಧೈರ್ಯವಾಗಿ ಬರೆಯಬಹುದು. ಹಳೇ ಅಕ್ಷರ ಕಂಡ ಮಾತ್ರಕ್ಕೆ ‘ಇದಕ್ಕಿಂತ ಈಚಿನದಲ್ಲ’ ಎನ್ನಲಾಗದು, ಬಣ್ಣ ಬಳಿಯದ ಬಂಡಿಗಳು ಎಷ್ಟೋ ದಿನ ಓಡಿರುತ್ತವೆ. ಊರಿನ ಇಂಗ್ಲಿಷ್ ಕಾಗುಣಿತ ನಂಬಿ ಕೂಡಬೇಡಿ. ಬೆಲ್ಗಾಮ್, ಬಿಜಾಪುರ ಎಂಬ ರೂಪಗಳು ಅಧಿಕೃತವಾಗಿ 2014ರ ನವೆಂಬರ್ ತನಕ ನಡೆದವು.

ನೆಗೆಟಿವ್ ತಿರುವುಮುರುವಾಗಿ ಅಚ್ಚಾದದ್ದೂ ಸಿಗುತ್ತದೆ. ಎಂಜಿನ್ ನಂಬರನ್ನೋ ಬೋರ್ಡನ್ನೋ ಲೂಪಿನಲ್ಲಿ ಓದಿದರೆ ಗೊತ್ತಾಗುತ್ತದೆ. ಗೋಳಗುಮ್ಮಟ ಮಾತ್ರ ಈ ವಿಷಯದಲ್ಲಿ ಮಹಾ ಮೋಸಗಾರ: ನಾಲ್ಕು ಮೂಲೆಗೂ ಏಳೇಳು ಅಂತಸ್ತಿನ ಒಂದೇ ತರದ ಮಿನಾರು, ಮಗುಚಿದರೂ ಅದೇ ಗುಮ್ಮಟ. ಅಲ್ಲಿ ಸುತ್ತಲಿನ ಕಟ್ಟಡ, ದಾರಿ ಹಿಡಿದು ತಾಳೆ ನೋಡಬೇಕು. ಬಣ್ಣದ ಕಾರ್ಡಾದರೆ ಬಣ್ಣವನ್ನು ಸಾಕ್ಷಿಯಾಗಿ ಬರೆಯಲೇಬಾರದು. ಮೊದಲ ಮಹಾಯುದ್ಧಕ್ಕೆ ಮುಂಚೆ ಎಷ್ಟೋ ಕಾರ್ಡುಗಳು ಜರ್ಮನಿಯಲ್ಲಿ ಅಚ್ಚಾದವು. ಕಪ್ಪು-ಬಿಳುಪು ಫೋಟೋದ ಮೇಲೆ ಸೀರೆಗೆ ಯಾವ ಕೆಂಪು, ಬೋಗಿಗೆ ಯಾವ ಹಸಿರು ಎಂದು ತೀರ್ಮಾನಿಸಿದವರು ಈ ಸೀಮೆ ಕಂಡವರಲ್ಲ.

ಸ್ಕ್ಯಾನಿಗೆ ಹೆಚ್ಚು ಹೇಳುವುದಿಲ್ಲ. ಕಾರ್ಡಿನ ಅಳತೆ ಸಾಮಾನ್ಯವಾಗಿ 140×90 ಮಿ.ಮೀ. ಅಚ್ಚಿನ ಕಾರ್ಡಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ), ಫೋಟೋ ಕಾರ್ಡಿಗೆ 1200. ಟಿಫ್ ಫೈಲು 600ರಲ್ಲಿ ಸುಮಾರು 21 ಎಂಬಿ, 1200ರಲ್ಲಿ ಅದರ ನಾಲ್ಕು ಪಟ್ಟು. ಕಪ್ಪು-ಬಿಳುಪಿನದನ್ನೂ ಬಣ್ಣದಲ್ಲೇ ತೆಗೆಯಿರಿ, ಕಾಗದದ ಹಳದಿಯೂ ಮಾಹಿತಿಯೇ. ತಾನಾಗಿ ಬಣ್ಣ ತಿದ್ದುವ, ಚುಕ್ಕೆ ಅಳಿಸುವ ಆಯ್ಕೆಗಳೆಲ್ಲ ಆಫ್ ಇರಲಿ. ಹಿಂದೆ ಕಪ್ಪು ಹಾಳೆ ಇಟ್ಟರೆ ಆಚೆ ಬದಿಯ ಬರಹ ತೋರುವುದಿಲ್ಲ. ಎರಡೂ ಬದಿ, ನಾಲ್ಕೂ ಅಂಚು ಕಾಣುವಂತೆ ತೆಗೆಯಬೇಕು.

ಇಡುವುದಕ್ಕೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಲಕೋಟೆ ತನ್ನಿ. ಮೆತ್ತಗಿದ್ದು ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ ಬೇಡ, ಅದು ವರ್ಷ ಕಳೆದಂತೆ ಆಮ್ಲ ಬಿಟ್ಟು ಮಸಿಗೆ ಅಂಟುತ್ತದೆ. ‘ಭದ್ರ ಇರಲಿ’ ಎಂದು ಲ್ಯಾಮಿನೇಶನ್ ಮಾಡಿಸಿದ ಕಾರ್ಡಿಗೆ ಮದ್ದಿಲ್ಲ. ನಂಬರ್ ಹಾಕಲು ಮೆತ್ತನೆಯ 2ಬಿ ಪೆನ್ಸಿಲ್, ಹಿಂಬದಿಯ ಮೂಲೆಯಲ್ಲಿ, ಗಟ್ಟಿ ಹಾಸಿನ ಮೇಲಿಟ್ಟು ಹಗುರವಾಗಿ. ವಿಜಯಪುರದ ಒಣ ಹವೆಯಲ್ಲಿ ಕಪಾಟು ಸಾಕು. ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್ ಮಳೆಗೆ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ಬೇಕೇ ಬೇಕು. 65 ಪ್ರತಿಶತ ದಾಟಿದರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಫ್ರೇಮಿನ ಗಾಜಿಗೆ ಅಂಟಿದ ಫೋಟೋ ಕಾರ್ಡನ್ನು ಎಳೆಯಬೇಡಿ, ಚಿತ್ರದ ಪದರ ಗಾಜಿನ ಮೇಲೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಗಾಜಿನ ಸಮೇತವೇ ಡಬ್ಬಿಗಿಡಿ.