ಇಕಿಟೋಸ್‌ನ ಗಿಡಮದ್ದಿನ ಸಮಾವೇಶಕ್ಕೆ ಹೊರಟವರಿಗೆ: ಮಾತು ಕೇಳಿ, ಪ್ಯಾಕೇಜ್ ಬೇಡ

ಖಿನ್ನತೆಗೆ ನಾನು ದಿನಾ ಒಂದು ಮಾತ್ರೆ ನುಂಗುತ್ತೇನೆ. ಎಸ್ಸಿಟಲೊಪ್ರಾಮ್. ಪೆರುವಿನ ಇಕಿಟೋಸ್‌ನಲ್ಲಿ ಅಮೆಜಾನ್ ಶಾಮನ್ ವೈದ್ಯದ, ಅಂದರೆ ಅಲ್ಲಿನ ಆದಿವಾಸಿ ಮಂತ್ರವೈದ್ಯರ ಮದ್ದಿನ, ಸಮಾವೇಶಕ್ಕೆ ಹೋದಾಗ ನನಗೆ ಅಯಾಹುವಾಸ್ಕಾ ಕುಡಿಸಲು ತುಂಬಾ ಜನ ಮುಂದೆ ಬಂದರು. ಯಾವ ಮಾತ್ರೆ ತಗೊಳ್ತೀರಿ ಅಂತ ಅವರಲ್ಲಿ ಒಬ್ಬರೂ ಕೇಳಲಿಲ್ಲ. ಕಾರ್ಡಾ, ಕ್ಯಾಶಾ ಅಂತ ಎಲ್ಲರೂ ಕೇಳಿದರು. ಇದನ್ನು ಬರೆಯಲು ಮುಖ್ಯ ಕಾರಣ ಅದೇ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಅಯಾಹುವಾಸ್ಕಾ ಅಂದರೆ ಒಂದು ಕಷಾಯ. ಬನಿಸ್ಟೀರಿಯಾಪ್ಸಿಸ್ ಕಾಪಿ ಅನ್ನುವ ದಪ್ಪ ಬಳ್ಳಿಯನ್ನು ಜಜ್ಜಿ, ಚಕ್ರೂನಾ ಅನ್ನುವ ಗಿಡದ ಎಲೆ ಜೊತೆ ಗಂಟೆಗಟ್ಟಲೆ ಕುದಿಸುತ್ತಾರೆ. ಎಲೆಯಲ್ಲಿ ಡಿಎಂಟಿ ಇದೆ, ಕಣ್ಣ ಮುಂದೆ ಚಿತ್ರ ತರಿಸುವುದು ಅದೇ. ಆದರೆ ಎಲೆಯೊಂದನ್ನೇ ಕುದಿಸಿ ಕುಡಿದರೆ ಏನೂ ಆಗುವುದಿಲ್ಲ. ಹೊಟ್ಟೆಯಲ್ಲಿರುವ ಒಂದು ಕಿಣ್ವ ಅದನ್ನು ಮುರಿದು ಹಾಕುತ್ತದೆ. ಬಳ್ಳಿಯಲ್ಲಿರುವ ಹಾರ್ಮಿನ್ ಆ ಕಿಣ್ವವನ್ನು ತಡೆಯುತ್ತದೆ. ನನ್ನ ಮಾತ್ರೆಗೂ ಇದಕ್ಕೂ ಜಗಳ ಹತ್ತುವುದು ಇಲ್ಲೇ. ಎರಡೂ ಸೇರಿದರೆ ಮೈಯಲ್ಲಿ ಸಿರೊಟೋನಿನ್ ಅನ್ನುವ ರಾಸಾಯನಿಕ ವಿಪರೀತ ಏರಿ ಪ್ರಾಣಕ್ಕೇ ಅಪಾಯ ಆಗಬಹುದು. ಖಿನ್ನತೆಗೇ ಕೊಡುವ ಇನ್ನೊಂದು ಮಾತ್ರೆ ಫ್ಲುಕ್ಸೆಟಿನ್, ಅದು ನಿಲ್ಲಿಸಿದ ಮೇಲೂ ಮೈಯಿಂದ ಪೂರ್ತಿ ಹೋಗಲು ಐದಾರು ವಾರ ಬೇಕು. ನೋವಿಗೆ ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಸಿರಪ್‌ನಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫಾನ್ ಕೂಡ ಆಗಿಬರುವುದಿಲ್ಲ. ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಿ ಹೋಗಬೇಡಿ, ಡಾಕ್ಟರನ್ನು ಕೇಳಿ. ನಾನು ಮಾತ್ರೆಯನ್ನೂ ಬಿಡಲಿಲ್ಲ, ಕಷಾಯವನ್ನೂ ಕುಡಿಯಲಿಲ್ಲ. ಕೇಳೋಕೆ, ನೋಡೋಕೆ ಹೋದದ್ದು.

ಇಕಿಟೋಸ್‌ಗೆ ಹೊರಗಿನಿಂದ ರಸ್ತೆಯೇ ಇಲ್ಲ. ನಾಲ್ಕೈದು ಲಕ್ಷ ಜನರ ಊರು, ಸುತ್ತಲೂ ನದಿ, ಕಾಡು. ರಾಜಧಾನಿ ಲಿಮಾದಿಂದ ವಿಮಾನದಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ. ಇಲ್ಲವಾದರೆ ಪುಕಾಲ್ಪಾ ಅಥವಾ ಯುರಿಮಾಗ್ವಾಸ್‌ನಿಂದ ಸರಕಿನ ಹಡಗಿನಲ್ಲಿ ಜೋಲಿ ಕಟ್ಟಿಕೊಂಡು ದಿನಗಟ್ಟಲೆ ಬರಬೇಕು. ಒಂದು ವಿಷಯ ನೆನಪಿಡಿ. ಜುಲೈ 28, 29 ಪೆರುವಿನ ಸ್ವಾತಂತ್ರ್ಯದ ಹಬ್ಬ. ಆ ವಾರದ ಆಸುಪಾಸಿನಲ್ಲಿ ನಿಮ್ಮ ಕಾರ್ಯಕ್ರಮ ಇದ್ದರೆ ಲಿಮಾ ಟಿಕೆಟ್ ಮೊದಲೇ ತೆಗೆಸಿ.

ಈಗ ರೂಮಿನ ಕಥೆ. ಸಮಾವೇಶದವರ ಪ್ಯಾಕೇಜ್‌ನಲ್ಲೇ ರೂಮು ಸೇರಿತ್ತು, ಬೇಡ ಅನ್ನುವ ಹಾಗಿರಲಿಲ್ಲ. ಲೆಕ್ಕ ಡಾಲರ್‌ನಲ್ಲಿ. ಎ.ಸಿ. ಇದೆ ಅಂದಿದ್ದರು, ಇತ್ತು ಕೂಡ. ಗೋಡೆ ಮೇಲಿತ್ತು, ರಿಮೋಟ್ ಮಾತ್ರ ಇರಲಿಲ್ಲ. ಕೌಂಟರ್‌ನಲ್ಲಿ ಕೇಳಿದರೆ ನಾಳೆ ಅಂದರು. ಮರುದಿನವೂ ನಾಳೆಯೇ. ಸೆಖೆ ನನಗೆ ದೊಡ್ಡ ವಿಷಯವಲ್ಲ, ನಾನು ಕುಂದಾಪುರದವಳು. ನನಗೆ ಆಗದೇ ಇರುವುದು ಸದ್ದು. ಇಕಿಟೋಸ್‌ನಲ್ಲಿ ಕಾರು ಕಮ್ಮಿ, ಎಲ್ಲ ಮೊಟೊಕಾರೊ. ಅಂದರೆ ಮುಂದೆ ಬೈಕು, ಹಿಂದೆ ಎರಡು ಚಕ್ರದ ಸೀಟು. ಲಿಮಾದ ಹೊರವಲಯದಲ್ಲಿ ನಮ್ಮ ಬಜಾಜ್ ಆಟೋಗಳೇ ಓಡುವುದನ್ನು ನೋಡಿದ್ದೆ, ಅವು ಇವುಗಳ ಮುಂದೆ ಸಾಧು ಪ್ರಾಣಿಗಳು. ಬೀದಿ ಕಡೆಯ ರೂಮಿನಲ್ಲಿ ಮಲಗಿದರೆ ರಾತ್ರಿ ಒಂದರವರೆಗೆ ಸೈಲೆನ್ಸರ್ ಇಲ್ಲದ ಬೈಕಿನ ಮೆರವಣಿಗೆ, ಬೆಳಿಗ್ಗೆ ಐದಕ್ಕೆ ಮತ್ತೆ ಶುರು. ಮೂಲಿಕೆ ಬಗ್ಗೆ ಭಾಷಣ ಕೇಳುವಾಗ ನಾನು ತೂಕಡಿಸಿದ್ದಕ್ಕೆ ಭಾಷಣ ಮಾಡಿದವರನ್ನು ದೂರುವುದು ತಪ್ಪು.

ಕೊನೆಗೆ ನನಗೆ ಉರಿದದ್ದು ಬೇರೆ ವಿಷಯಕ್ಕೆ. ಪಕ್ಕದ ರೂಮಿನ ಕೊಲಂಬಿಯಾದ ಹುಡುಗಿ ನೇರ ಬಂದು ಕೌಂಟರ್‌ನಲ್ಲೇ ರೂಮು ಹಿಡಿದಿದ್ದಳು. ಅವಳು ಕೊಟ್ಟದ್ದು ನಾನು ಕೊಟ್ಟಿದ್ದರಲ್ಲಿ ಅರ್ಧಕ್ಕೂ ಕಮ್ಮಿ. ಅವಳಿಗೆ ರಿಮೋಟೂ ಇತ್ತು! ಹಾಗಾಗಿ ಪ್ರವೇಶ ಶುಲ್ಕ ಮಾತ್ರ ಕಟ್ಟಲು ಆಗುತ್ತದಾ ಅಂತ ಮೊದಲೇ ಬರೆದು ಕೇಳಿ. ರೂಮು ಅಲ್ಲಿಗೆ ಹೋಗಿ ನೋಡಿ. ಅಂಗಳದ ಕಡೆಯ ಒಳಗಿನ ರೂಮು ಕೇಳಿ, ಕಿಟಕಿ ಇಲ್ಲದಿದ್ದರೂ ಪರವಾಗಿಲ್ಲ. ಬಿಸಿನೀರು ಇರುವುದಿಲ್ಲ, ಬೇಕಾಗುವುದೂ ಇಲ್ಲ.

ವ್ಯಾನಿನದ್ದೂ ಇದೇ ಹಾಡು. ಇಕಿಟೋಸ್‌ನಿಂದ ಹೊರಡುವ ದೊಡ್ಡ ರಸ್ತೆ ಒಂದೇ, ನೌಟಾ ಊರಿಗೆ, ಸುಮಾರು 100 ಕಿ.ಮೀ. ಕಷಾಯ ಕೊಡುವ ಕೇಂದ್ರಗಳು ಈ ರಸ್ತೆಯುದ್ದಕ್ಕೂ ಇವೆ. ವಿಳಾಸವನ್ನು ಕಿಲೋಮೀಟರ್ ಕಲ್ಲಿನಲ್ಲೇ ಹೇಳುತ್ತಾರೆ. ಗಿಡಗಳ ತೋಟ ತೋರಿಸುತ್ತೇವೆ ಅಂತ ನಮ್ಮನ್ನು ಒಂದು ವ್ಯಾನಿನಲ್ಲಿ ತುಂಬಿದರು, ಒಬ್ಬೊಬ್ಬರಿಗೆ ನಲವತ್ತು ಡಾಲರ್. ವ್ಯಾನು ಮೊದಲು ಒಂದು ಅಂಗಡಿ ಮುಂದೆ ನಿಂತಿತು, ಮಣಿಸರ. ಆಮೇಲೆ ಇನ್ನೊಂದು, ಮತ್ತೆ ಮಣಿಸರ. ತೋಟ ಮುಟ್ಟಿದಾಗ ಮಳೆ. ಅರ್ಧ ಗಂಟೆ ಕೊಡೆ ಹಿಡಿದು ಓಡಾಡಿ ವಾಪಸ್. ಅದೇ ರಸ್ತೆಯಲ್ಲಿ ಊರಿನವರು ಹೋಗುವ ಶೇರ್ ಕಾರಿಗೆ ಹತ್ತು ಹದಿನೈದು ಸೋಲ್ ಸಾಕು. ಒಂದು ಸೋಲ್ ಅಂದರೆ ಹೆಚ್ಚುಕಮ್ಮಿ 25 ರೂಪಾಯಿ, ನೀವೇ ಲೆಕ್ಕ ಹಾಕಿ.

ಇಷ್ಟೆಲ್ಲ ಬೈದ ಮೇಲೂ ಸಮಾವೇಶಕ್ಕೆ ಹೋಗಬೇಡಿ ಅಂತ ಹೇಳುವುದಿಲ್ಲ. ಭಾಷಣಗಳಲ್ಲಿ ಅರ್ಧ ಬರೀ ಗಾಳಿ. ಯೂರೋಪು, ಅಮೆರಿಕದಿಂದ ಬಂದವರು ಗರಿ ಕಿರೀಟ ಇಟ್ಟುಕೊಂಡು ತಮ್ಮ ಹೊಸ ಜನ್ಮದ ಕಥೆ ಹೇಳುತ್ತಾರೆ. ಅವಕ್ಕೆ ಹೋಗಬೇಡಿ, ಆ ಹೊತ್ತಿಗೆ ನಿದ್ದೆ ಮಾಡಿ. ಹೆಸರಿನ ಪಟ್ಟಿಯಲ್ಲಿ ಶಿಪಿಬೊ ಜನರು ಯಾರಿದ್ದಾರೆ, ಗಿಡಗಳ ಬಗ್ಗೆ ಓದಿದವರು ಯಾರಿದ್ದಾರೆ ನೋಡಿ, ಅವರನ್ನು ಮಾತ್ರ ಕೇಳಿ. ಶಿಪಿಬೊ ಜನರು ಉಕಾಯಾಲಿ ನದಿ ಕಡೆಯ ಆದಿವಾಸಿಗಳು. ವೈದ್ಯರನ್ನು ಅಲ್ಲಿ ಕುರಂದೇರೊ ಅನ್ನುತ್ತಾರೆ. ವಯಸ್ಸಾದ ಒಬ್ಬ ಹೆಂಗಸು ಮಾತಾಡಿದರು. ಅವರದ್ದು ಶಿಪಿಬೊ ಭಾಷೆ, ಅದು ಸ್ಪ್ಯಾನಿಷ್‌ಗೆ, ಅಲ್ಲಿಂದ ಇಂಗ್ಲಿಷ್‌ಗೆ. ಅವರು ಐದು ನಿಮಿಷ ಹೇಳಿದ್ದು ನಮಗೆ ಮುಟ್ಟುವಾಗ ಎರಡು ವಾಕ್ಯ. ಕೊನೆಗೆ ಅವರಿಗೇ ಬೇಜಾರಾಯಿತೇನೋ, ಮಾತು ನಿಲ್ಲಿಸಿ ಇಕಾರೋ ಹಾಡಿದರು. ಇಕಾರೋ ಅಂದರೆ ಮದ್ದು ಕೊಡುವಾಗ ಹಾಡುವ ಹಾಡು. ಮೈಕ್ ಪಕ್ಕಕ್ಕಿಟ್ಟರು. ಸಣ್ಣ, ಏರುದನಿ. ಉಟ್ಟ ಬಟ್ಟೆಯ ಮೇಲಿನ ಕಸೂತಿ ಗೆರೆಗಳ ಮೇಲೆ ಬೆರಳು ಓಡಿಸುತ್ತಲೇ ಹಾಡಿದರು, ಗೆರೆ ತಿರುಗಿದ ಕಡೆ ಬೆರಳೂ ತಿರುಗುತ್ತಿತ್ತು. ಆ ಗೆರೆಗಳಿಗೆ ಕೆನೆ ಅಂತ ಹೆಸರು. 2008ರಲ್ಲಿ ಪೆರು ಸರ್ಕಾರ ಕೆನೆಯನ್ನೂ, ಅಯಾಹುವಾಸ್ಕಾದ ಸಾಂಪ್ರದಾಯಿಕ ಬಳಕೆಯನ್ನೂ ದೇಶದ ಸಾಂಸ್ಕೃತಿಕ ಪರಂಪರೆ ಅಂತ ಘೋಷಿಸಿದೆ. ಹಾಗಾಗಿ ಅಲ್ಲಿ ಇದಕ್ಕೆ ಕಾನೂನಿನ ತೊಂದರೆ ಇಲ್ಲ.

ಆ ಹೆಂಗಸು ಹೇಳಿದ ಇನ್ನೊಂದು ಮಾತಿಗೆ ಸಭೆಯಲ್ಲಿ ಅಷ್ಟಾಗಿ ಚಪ್ಪಾಳೆ ಬೀಳಲಿಲ್ಲ. ಹಿಂದೆ ಬಹಳ ಕಡೆ ಕಷಾಯ ಕುಡಿಯುತ್ತಿದ್ದದ್ದು ವೈದ್ಯರು ಮಾತ್ರ. ರೋಗಿ ಸುಮ್ನೆ ಮಲಗಿರಬೇಕಿತ್ತು, ರೋಗ ಎಲ್ಲಿದೆ ಅಂತ ನೋಡುವುದು ವೈದ್ಯರ ಕೆಲಸ. ಈಗ ಬಂದವರೆಲ್ಲ ಕುಡಿಯಬೇಕು. ಬಂದವರೇ ಅದಕ್ಕೆ ದುಡ್ಡು ಕೊಡುತ್ತಾರಲ್ವಾ!

ಪೇಟೆಂಟ್ ಬಗ್ಗೆ ನಡೆದ ಗೋಷ್ಠಿಯೂ ಚೆನ್ನಾಗಿತ್ತು. 1986ರಲ್ಲಿ ಅಮೆರಿಕದ ಒಬ್ಬ ವ್ಯಕ್ತಿ ಈ ಬಳ್ಳಿಯ ಒಂದು ಬಗೆ ತನ್ನದು ಅಂತ ಪೇಟೆಂಟ್ ಪಡೆದಿದ್ದ. ಅಮೆಜಾನ್‌ನ ಆದಿವಾಸಿ ಸಂಘಟನೆಗಳ ಒಕ್ಕೂಟ ತಕರಾರು ಎತ್ತಿದ ಮೇಲೆ 1999ರಲ್ಲಿ ಅದು ರದ್ದಾಯಿತು, 2001ರಲ್ಲಿ ಮತ್ತೆ ಅವನ ಕೈಗೇ ಹೋಯಿತು. ಅವಧಿ ಮುಗಿದು ತಾನಾಗಿ ಬಿದ್ದುಹೋದದ್ದು 2003ರಲ್ಲಿ. ಅಮೆರಿಕದಲ್ಲಿ ನಮ್ಮ ಅರಿಸಿನದ ಮೇಲೆ ಕೊಟ್ಟಿದ್ದ ಪೇಟೆಂಟ್ 1997ರಲ್ಲಿ ರದ್ದಾದದ್ದನ್ನು ನಾನು ಹೇಳಿದೆ. ಅದರ ಕಾಗದಪತ್ರ ಹೇಗೆ ಸಿದ್ಧ ಮಾಡಿದಿರಿ ಅಂತ ಇಬ್ಬರು ನೋಟ್‌ಬುಕ್ ಹಿಡಿದು ಬಂದರು. ಹಳೇ ಸಂಸ್ಕೃತ ಗ್ರಂಥಗಳನ್ನೇ ಸಾಕ್ಷಿಯಾಗಿ ಕೊಟ್ಟಿದ್ದರು ಅಂದೆ. ನಮ್ಮದು ಬರೆದಿಟ್ಟಿಲ್ಲವಲ್ಲ ಅಂತ ಒಬ್ಬರು ನಕ್ಕರು.

ಗಿಡ ನೋಡಲು ವ್ಯಾನು ಬೇಡವೇ ಬೇಡ, ಬೆಲೆನ್ ಮಾರುಕಟ್ಟೆಗೆ ಹೋಗಿ. ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಿ. ಕಾಲಿಡಲು ಜಾಗ ಇರುವುದಿಲ್ಲ, ಮೀನಿನ ನೀರು, ಕೆಸರು, ನೂಕುನುಗ್ಗಲು. ನನಗೆ ಅದೆಲ್ಲ ಇಷ್ಟ, ಆಗದವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಫೋನ್ ಒಳಜೇಬಿಗೆ ಹಾಕಿ. ಮಾರುಕಟ್ಟೆಯೊಳಗೆ ಪಸಾಹೆ ಪಾಕಿಟೋ ಅನ್ನುವ ಓಣಿ ಇದೆ, ಪೂರ್ತಿ ಮದ್ದಿನ ಅಂಗಡಿಗಳೇ. ಉನ್ಯಾ ದೆ ಗಾತೊ ಬಳ್ಳಿಯ ಚಕ್ಕೆ, ನಾಟಿ ಸಾರಾಯಿಯಲ್ಲಿ ನೆನೆಹಾಕಿದ ಚುಚುವಾಸಿ ತೊಗಟೆ, ಸುರುಳಿ ಸುತ್ತಿದ ಮಪಾಚೋ ಹೊಗೆಸೊಪ್ಪು, ಅಯಾಹುವಾಸ್ಕಾ ತುಂಬಿದ ಹಳೇ ಕೋಲಾ ಬಾಟಲಿ. ಒಬ್ಬ ಅಂಗಡಿಯಾಕೆ ನನ್ನ ಕೈ ಹಿಡಿದು ಸಾಂಗ್ರೆ ದೆ ಗ್ರಾದೊ ಎರಡು ತೊಟ್ಟು ಹಾಕಿದಳು. ಮರದ ಹಾಲು ಅದು, ನೋಡಲು ರಕ್ತದ ಬಣ್ಣ. ಬೆರಳಿನಿಂದ ಉಜ್ಜು ಅಂದಳು. ಉಜ್ಜುತ್ತಾ ಹೋದ ಹಾಗೆ ಕೆಂಪು ಮಾಯವಾಗಿ ಬಿಳಿ ನೊರೆಯಾಯಿತು, ಆಮೇಲೆ ಚರ್ಮದ ಮೇಲೆ ಪೊರೆ ಕಟ್ಟಿತು. ನೊರೆ ಬಂದರೆ ಅಸಲಿ, ಬರದಿದ್ದರೆ ಬಣ್ಣದ ನೀರು. ಗಾಯಕ್ಕೆ, ಭೇದಿಗೆ ಅಲ್ಲಿಯವರು ಬಳಸುತ್ತಾರೆ. ಇದೇ ಮರದ ಹಾಲಿನಿಂದ ಮಾಡಿದ ಭೇದಿ ಔಷಧಿಗೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿದೆ. ಗೋಷ್ಠಿಗಳಲ್ಲಿ ಕಲಿತದ್ದಕ್ಕಿಂತ ಜಾಸ್ತಿ ನಾನು ಈ ಓಣಿಯಲ್ಲಿ ಕಲಿತೆ, ಅದೂ ಮುರುಕು ಸ್ಪ್ಯಾನಿಷ್‌ನಲ್ಲಿ.

ಆದರೆ ಬಾಟಲಿಯ ಅಯಾಹುವಾಸ್ಕಾ ಕೊಳ್ಳಬೇಡಿ. ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಕೆಲವರು ನಶೆ ಜೋರಾಗಲಿ ಅಂತ ತೊಯೆ ಸೇರಿಸುತ್ತಾರೆ. ತೊಯೆ ನಮ್ಮ ಉಮ್ಮತ್ತಿಯ ಹತ್ತಿರದ ನೆಂಟ, ಗಂಟೆಯಂಥ ಹೂವು ಕೆಳಗೆ ನೇತಾಡುತ್ತದೆ. ಉಮ್ಮತ್ತಿ ಏನು ಮಾಡುತ್ತದೆ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ.

ಓಣಿ ಮುಗಿದು ಮೀನಿನ ಸಾಲು ಶುರುವಾಗುವ ಕಡೆ ತಗಡಿನ ಮಾಡಿನ ಕೆಳಗೆ ಒಂದು ಊಟದ ಅಂಗಡಿ. ಬೋರ್ಡು ಇಲ್ಲ. ನೀಲಿ ಟಾರ್ಪಾಲು, ಒಂದು ಉದ್ದ ಬೆಂಚು, ಇದ್ದಿಲಿನ ಒಲೆ, ತಾಯಿ ಮಗಳು. ಪಟರಾಶ್ಕಾ ಕೇಳಿ. ಇಡೀ ನದಿ ಮೀನನ್ನು ಟೊಮೆಟೊ, ಈರುಳ್ಳಿ, ಉದ್ದೆಲೆಯ ಕಾಡುಕೊತ್ತಂಬರಿ ಹಾಕಿ ಬಿಹಾವೊ ಎಲೆಯಲ್ಲಿ ಕಟ್ಟಿ ಕೆಂಡದ ಮೇಲೆ ಇಡುತ್ತಾರೆ. ಎಲೆ ಹೊರಗೆ ಕರಕಲಾಗುತ್ತದೆ, ಬಿಚ್ಚಿದರೆ ಒಳಗೆ ಮೀನು ತನ್ನ ರಸದಲ್ಲೇ ಬೆಂದಿರುತ್ತದೆ. ಜೊತೆಗೆ ಸುಟ್ಟ ಬಾಳೆಕಾಯಿ, ಅನ್ನ. ಚಟ್ನಿ ಬೇರೆ ಇದೆ, ಕೊಕೊನಾ ಅನ್ನುವ ಹುಳಿ ಹಣ್ಣಿಗೆ ಚರಪೀಟಾ ಮೆಣಸು ಅರೆದದ್ದು. ಬಟಾಣಿಗಿಂತ ಚಿಕ್ಕ ಹಳದಿ ಮೆಣಸು, ಆದರೆ ಕುಂದಾಪುರದವಳ ಕಣ್ಣಲ್ಲೂ ನೀರು ಬಂತು. ಇಷ್ಟಕ್ಕೂ ಹನ್ನೆರಡು ಸೋಲ್! ಸಮಾವೇಶದ ಹೋಟೆಲಿನಲ್ಲಿ ಒಂದು ಸ್ಯಾಂಡ್‌ವಿಚ್‌ಗೆ ಅದಕ್ಕಿಂತ ಜಾಸ್ತಿ. ಬೆಳಗಿನ ಹೊತ್ತು ಹುವಾನೆ ಸಿಗುತ್ತದೆ. ಅನ್ನ, ಕೋಳಿ, ಮೊಟ್ಟೆ, ಒಂದು ಆಲಿವ್, ಎಲ್ಲ ಎಲೆಯಲ್ಲಿ ಕಟ್ಟಿ ಬೇಯಿಸಿದ್ದು. ಕಟ್ಟು ಬಿಚ್ಚಿದಾಗ ಬರುವ ಪರಿಮಳ ಥೇಟ್ ನಮ್ಮ ಮೂಡೆಯದ್ದು. ಕುಡಿಯಲು ಅಗ್ವಾಹೆ ಹಣ್ಣಿನ ಪಾನಕ ಕೇಳಿ, ಸಕ್ಕರೆ ಕಮ್ಮಿ ಅಂತ ಮೊದಲೇ ಹೇಳಿ. ಅಲ್ಲಿಗೆ ನಾನು ಮತ್ತೆ ಮತ್ತೆ ಹೋದೆ. ಕೊನೆಗೆ ಮಗಳು ನನ್ನ ಆರ್ಡರ್ ಕೇಳುವುದನ್ನೇ ನಿಲ್ಲಿಸಿದಳು, ಕೂತ ಕೂಡಲೇ ಮೀನು ಬರುತ್ತಿತ್ತು. ಸಸ್ಯಾಹಾರಿಗಳಿಗೆ ಅನ್ನ, ಬೀನ್ಸ್ ಸಾರು, ಬಾಳೆಕಾಯಿ, ಚೊಂಟಾ ಅನ್ನುವ ತಾಳೆ ತಿರುಳಿನ ಸಲಾಡ್ ಸಿಗುತ್ತದೆ. ಬೀನ್ಸ್ ಜೊತೆ ಹಂದಿ ಮಾಂಸ ಹಾಕಿದ್ದೀರಾ ಅಂತ ಕೇಳಿಯೇ ತಿನ್ನಿ.

ಕಷಾಯ ಕುಡಿಯಲೇಬೇಕು ಅಂತ ಹೊರಟವರಿಗೆ ನನ್ನ ಮಾತು ಇಷ್ಟೇ. ಸಮಾವೇಶದ ವರಾಂಡದಲ್ಲಿ ಯಾರೂ ಬುಕ್ ಮಾಡಬೇಡಿ. ನಿಮ್ಮ ಕಾಯಿಲೆ, ಮಾತ್ರೆ, ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತಾ, ಬಿಪಿ ಇದೆಯಾ ಅಂತ ಅವರೇ ಕೇಳಬೇಕು. ಕೇಳದವರ ಹತ್ತಿರ ಹೋಗಬೇಡಿ. ಉಪ್ಪು, ಸಕ್ಕರೆ, ಹಂದಿ ಮಾಂಸ, ಮದ್ಯ ಬಿಡಿ ಅಂತ ಪಥ್ಯ ಹೇಳುವವರು ಬಹಳ ಜನ, ಮಾತ್ರೆ ಬಗ್ಗೆ ಕೇಳುವವರು ಕಮ್ಮಿ. ಹೆಂಗಸರು ಒಬ್ಬರೇ ಹೋಗಬೇಡಿ. ಕತ್ತಲ ಗುಡಿಸಲು, ಮತ್ತಿನಲ್ಲಿರುವ ಮೈ, ಗುರು ಅನ್ನಿಸಿಕೊಂಡ ಗಂಡಸು. ಇಂಥ ಕಡೆ ದೌರ್ಜನ್ಯ ನಡೆದ ದೂರುಗಳು ಬೇಕಾದಷ್ಟಿವೆ. ಗೊತ್ತಿರುವ ಇನ್ನೊಬ್ಬ ಹೆಂಗಸು ಕುಡಿಯದೇ ಪಕ್ಕದಲ್ಲಿ ಕೂರಲು ಬಿಡುತ್ತಾರಾ ಅಂತ ಕೇಳಿ. ಬಿಡುವುದಿಲ್ಲ ಅಂದರೆ ನಿಮಗೆ ಉತ್ತರ ಸಿಕ್ಕಿತು.

ವೀಸಾ ವಿಷಯ ಚಿಕ್ಕದು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ವೀಸಾ ಇನ್ನೂ ಆರು ತಿಂಗಳು ಬಾಕಿ ಇದ್ದರೆ ಭಾರತೀಯರಿಗೆ ಪೆರು ವೀಸಾ ಬೇಡ ಅನ್ನುವ ನಿಯಮ 2017ರಲ್ಲಿ ಬಂತು. ಹೊರಡುವ ಮುಂಚೆ ಈಗಲೂ ಇದೆಯಾ ನೋಡಿಕೊಳ್ಳಿ. ಇಲ್ಲದವರು ದೆಹಲಿಯ ಪೆರು ರಾಯಭಾರ ಕಚೇರಿಗೆ ಬರೆಯಬೇಕು. ವಾಪಸ್ ಬರುವಾಗ ಕಷಾಯವನ್ನಾಗಲಿ ಚಕ್ರೂನಾ ಎಲೆಯನ್ನಾಗಲಿ ಬ್ಯಾಗಿಗೆ ಹಾಕಬೇಡಿ. ಪೆರುವಿನಲ್ಲಿ ಪರಂಪರೆ ಇರಬಹುದು, ಡಿಎಂಟಿ ಮಾದಕ ವಸ್ತು ತಡೆಯುವ ನಮ್ಮ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ.

ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಪೆರುವಿಗೆ ಹೋಗುವಾಗ ಯಾರೂ ಕೇಳದೇ ಇರಬಹುದು, ಭಾರತಕ್ಕೆ ವಾಪಸ್ ಬರುವಾಗ ಕೇಳುತ್ತಾರೆ. ಲಸಿಕೆಯ ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಕಾರ್ಡನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ನನ್ನ ಮುಂದೆ ನಿಂತಿದ್ದವರು ಸೂಟ್‌ಕೇಸಿನಲ್ಲಿ ಹಾಕಿದ್ದರು. ಆರೋಗ್ಯ ಕೌಂಟರ್ ದಾಟದೆ ಸೂಟ್‌ಕೇಸ್ ಹತ್ತಿರ ಹೋಗುವ ಹಾಗಿಲ್ಲ, ಸೂಟ್‌ಕೇಸ್ ಇಲ್ಲದೆ ಕೌಂಟರ್ ದಾಟುವ ಹಾಗಿಲ್ಲ. ನಾನು ಹೊರಗೆ ಬರುವಾಗಲೂ ಅವರು ಫೋನ್‌ನಲ್ಲಿ ಮನೆಯವರಿಗೆ ಕಾರ್ಡಿನ ಫೋಟೋ ಹುಡುಕಲು ಹೇಳುತ್ತಿದ್ದರು.