ರ‍್ಯಾಕಿನ ಮೇಲಿದ್ದ ಗುಜರಿ

ಯಂತ್ರದ ಬಿಡಿಭಾಗಗಳನ್ನು ಕಡೆದುಕೊಡುವ ಸಣ್ಣ ಕಾರ್ಖಾನೆ ನನ್ನದು. ಆರ್ಡರ್‌ಗಳಿಗೆ ಬರವಿಲ್ಲದಿದ್ದರೂ ಲಾಭ ಏಕೆ ಕೈಗೆ ಹತ್ತುತ್ತಿಲ್ಲ ಎಂದು ಹುಡುಕಲು ಹೊರಟಾಗ ಮೊದಲು ಹೋಗಿ ನಿಂತದ್ದು ಗುಜರಿ ತೊಟ್ಟಿಯ ಮುಂದೆ. ಪೋಲು ಕಣ್ಣಿಗೆ ಕಾಣುವುದು ಅಲ್ಲೇ ತಾನೆ? ಸುರುಳಿ ಸುರುಳಿ ಲೋಹದ ಚೂರು, ಬಾರಿನ (ಉದ್ದನೆಯ ಲೋಹದ ಸರಳಿನ) ಕೊನೆಯ ತುಂಡುಗಳು, ಅಳತೆ ತಪ್ಪಿದ ಬುಷ್‌ಗಳು, ಅಂದರೆ ಟೊಳ್ಳಾದ ಲೋಹದ ಉರುಳೆಗಳು.

ಸುಳ್ಳು ಹೇಳಬಾರದು, ತೊಟ್ಟಿ ಒಂದು ಒಳ್ಳೆಯ ಲೆಕ್ಕ ಕಲಿಸಿತು. ಬುಷ್‌ನ ಉದ್ದ 48 ಮಿಲಿಮೀಟರ್. ಮುಖ ಸಮ ಮಾಡಲು 1 ಮಿಮೀ, ಕತ್ತರಿಸುವ ಇನ್ಸರ್ಟಿನ, ಅಂದರೆ ಅಲಗಿನ, ಅಗಲ 3 ಮಿಮೀ. ಒಂದಕ್ಕೆ ಒಟ್ಟು 52 ಮಿಮೀ ಬೇಕು. 3 ಮೀಟರ್ ಬಾರಿನಲ್ಲಿ ಚಕ್ (ಯಂತ್ರದಲ್ಲಿ ಬಾರನ್ನು ಹಿಡಿದುಕೊಳ್ಳುವ ಭಾಗ) ಹಿಡಿತಕ್ಕೆಂದು 80 ಮಿಮೀ ಬಿಟ್ಟರೆ 56 ಬುಷ್ ಬರುತ್ತಿದ್ದವು. 2 ಮಿಮೀ ಅಗಲದ ಇನ್ಸರ್ಟ್ ಹಾಕಿದೆವು, 57 ಬಂದವು. (ತೆಳುವಾದ ಇನ್ಸರ್ಟ್ ಬಾಗುತ್ತದೆ, ವೇಗ ಕಡಿಮೆ ಮಾಡಬೇಕು, ದಪ್ಪ ಬಾರಿಗೆ ನಡೆಯುವುದಿಲ್ಲ. ಎರಡು ಮುರಿದುಕೊಂಡ ಮೇಲೆ ತಿಳಿಯಿತು.) ಬಾರಿಗೆ ಒಂದೇ ಒಂದು ಬುಷ್ ಹೆಚ್ಚಿಗೆ ಎಂದು ನಗಬೇಡಿ. ಮಾರಾಟ ನೂರಾದರೆ ನಮ್ಮಲ್ಲಿ ಲೋಹದ ಖರ್ಚು ಸುಮಾರು 60, ಲಾಭ 8. ಆ ಒಂದು ಬುಷ್‌ನಿಂದ ಲೋಹದ ಖರ್ಚು 59ಕ್ಕೆ ಇಳಿದು ಲಾಭ 9 ಆಗುತ್ತದೆ. ಅಷ್ಟೇ ಲಾಭವನ್ನು, ನೂರಕ್ಕೆ 8ರ ದರದಲ್ಲೇ, ಮಾರಾಟದಿಂದ ತರುವುದಾದರೆ ವ್ಯಾಪಾರ ಎಂಟನೆಯ ಒಂದು ಪಾಲು ಬೆಳೆಯಬೇಕು.

ಈ ಹಿಗ್ಗು ಎರಡು ತಿಂಗಳೂ ಉಳಿಯಲಿಲ್ಲ. ಗ್ರಾಹಕರಿಂದ ಹೊಸ ಡ್ರಾಯಿಂಗ್ ಬಂತು. ಬುಷ್‌ನ ಒಳಗೆ ಎಣ್ಣೆ ಹರಿಯುವ ತೋಡು 2 ಮಿಮೀ ಪಕ್ಕಕ್ಕೆ ಸರಿದಿತ್ತು, ಅಷ್ಟೇ. ನಮ್ಮ ರ‍್ಯಾಕಿನ ಮೇಲೆ ಹಳೆಯ ಅಳತೆಯ 1,100 ಬುಷ್‌ಗಳಿದ್ದವು. ಕಡೆದು, ಕೊರೆದು, ಅಳೆದು, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಜೋಡಿಸಿಟ್ಟವು. ಎಲ್ಲವೂ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಇನ್ಸರ್ಟಿನಿಂದ ಅಷ್ಟು ಬುಷ್ ಉಳಿಸಬೇಕೆಂದರೆ 1,100 ಬಾರ್ ಕಡೆಯಬೇಕಿತ್ತು.

ಅವುಗಳನ್ನು ಮಾಡಿಸಿದವನು ನಾನೇ. ಆರ್ಡರ್ ಇದ್ದದ್ದು 900ಕ್ಕೆ. “ಮೂರು ಗಂಟೆ ಸೆಟ್ಟಿಂಗಿಗೇ ಹೋಯಿತು, ಇಳಿಸುವ ಮೊದಲು 2,000 ಮಾಡಿಬಿಡಿ” ಎಂದಿದ್ದೆ. (ಸೆಟ್ಟಿಂಗ್ ಎಂದರೆ ಒಂದು ಕೆಲಸಕ್ಕೆ ಯಂತ್ರವನ್ನು ಸಜ್ಜುಗೊಳಿಸುವುದು.) ಜಾಣತನ ಎಂದುಕೊಂಡಿದ್ದೆ ಬೇರೆ.

ಜಪಾನಿನ ಕಾರು ಕಂಪನಿ ಟೊಯೋಟದ ತೈಚಿ ಓನೊ ಏಳು ಬಗೆಯ ಪೋಲುಗಳನ್ನು ಹೆಸರಿಸಿದಾಗ, ಬೇಕಾದದ್ದಕ್ಕಿಂತ ಹೆಚ್ಚು ತಯಾರಿಸುವುದೇ ಅವುಗಳಲ್ಲಿ ಕೆಟ್ಟದ್ದು ಎಂದಿದ್ದರು, ಏಕೆಂದರೆ ಉಳಿದವು ಅದರ ಹೊಟ್ಟೆಯಲ್ಲೇ ಹುಟ್ಟುತ್ತವೆ. ಅದನ್ನು ನಾನು ಹಿಂದೆಯೇ ಓದಿದ್ದೆ, ತಲೆಯಾಡಿಸಿಯೂ ಇದ್ದೆ. ನನ್ನ ಮೂರು ಗಂಟೆಯ ಸೆಟ್ಟಿಂಗಿಗೂ ಅದಕ್ಕೂ ಸಂಬಂಧವಿದೆ ಎಂದು ಮಾತ್ರ ಹೊಳೆದಿರಲಿಲ್ಲ. ಸೆಟ್ಟಿಂಗ್ ದುಬಾರಿಯಾದಷ್ಟೂ ಬ್ಯಾಚ್ ದೊಡ್ಡದಾಗುತ್ತದೆ, ಬ್ಯಾಚ್ ದೊಡ್ಡದಾದಷ್ಟೂ ರ‍್ಯಾಕ್ ತುಂಬುತ್ತದೆ. 1969ರಲ್ಲಿ ಟೊಯೋಟದ 1,000 ಟನ್ ಪ್ರೆಸ್ ಒಂದರಲ್ಲಿ ಡೈ (ಅಚ್ಚು) ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಮೊದಲು ಅದನ್ನು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ತಂದರು. ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಯಾವುದು, ಯಂತ್ರ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದದ್ದು ಯಾವುದು ಎಂದು ಬೇರ್ಪಡಿಸಿದ್ದೇ ಅವರ ಉಪಾಯದ ತಿರುಳು.

ನಾನೂ ಗಡಿಯಾರ ಹಿಡಿದು ಬುಷ್ ಕಡೆಯುವ ಯಂತ್ರವಾದ ಲೇತಿನ ಪಕ್ಕ ನಿಂತೆ. ಮೂರು ಗಂಟೆಯಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಆಪರೇಟರ್ ಯಂತ್ರದ ಬಳಿ ಇರಲೇ ಇಲ್ಲ. ಅಲೆನ್ ಕೀ ಹುಡುಕಲು, ಅಳತೆಯ ಗೇಜ್ ತರಲು, ಚಕ್ಕಿನ ಸರಿಯಾದ ‘ಜಾ’ಗಳಿಗಾಗಿ (ಬಾರನ್ನು ಕಚ್ಚಿ ಹಿಡಿಯುವ ಹಲ್ಲುಗಳು) ಪೆಟ್ಟಿಗೆ ಕೆದಕಲು ಓಡಾಡುತ್ತಿದ್ದರು. ಅವರ ತಪ್ಪಲ್ಲ, ವಸ್ತುಗಳಿಗೆ ಜಾಗ ಗೊತ್ತುಮಾಡದವನು ನಾನು. ಈಗ ಮುಂದಿನ ಕೆಲಸದ ಟೂಲ್, ಜಾ, ಗೇಜ್ ಎಲ್ಲವೂ ಹಿಂದಿನ ಬ್ಯಾಚ್ ಓಡುತ್ತಿರುವಾಗಲೇ ತಳ್ಳುಗಾಡಿಯಲ್ಲಿ ಬಂದು ನಿಂತಿರುತ್ತವೆ. ಸೆಟ್ಟಿಂಗ್ 50 ನಿಮಿಷಕ್ಕೆ ಇಳಿದಿದೆ. ಮೊದಲ ಬುಷ್ ಅಳೆದು ಒಪ್ಪಿಗೆ ಕೊಡುವವರಿಗಾಗಿ ಕಾಯುವುದು ಮಾತ್ರ ತಪ್ಪಿಲ್ಲ. ಅವರು ಒಬ್ಬರೇ, ಯಂತ್ರಗಳು ಆರು.

ಬ್ಯಾಚ್ ಈಗ 300. ರ‍್ಯಾಕ್ ಅರ್ಧ ಖಾಲಿಯಾಗಿ, ಲೋಹಕ್ಕಾಗಿ ಮಾಡುತ್ತಿದ್ದ ಸಾಲವೂ ತಗ್ಗಿತು. ಆದರೆ ವರ್ಷದ ಕೊನೆಗೆ ಲೆಕ್ಕಿಗರು ಮುಖ ಗಂಟಿಕ್ಕಿದರು: ಪುಸ್ತಕದಲ್ಲಿ ಲಾಭ ಇಳಿದಿತ್ತು! ದಾಸ್ತಾನಿನ ಬೆಲೆಯೊಳಗೆ ಬಾಡಿಗೆ, ಸಂಬಳದ ಪಾಲೂ ಸೇರಿರುತ್ತದೆ. ದಾಸ್ತಾನು ಬೆಳೆಯುವಾಗ ಆ ಖರ್ಚು ರ‍್ಯಾಕಿನ ಮೇಲೆ ಅಡಗಿ ಕೂರುತ್ತದೆ, ಕರಗುವಾಗ ಒಮ್ಮೆಲೇ ಲೆಕ್ಕಕ್ಕೆ ಬೀಳುತ್ತದೆ. ಇಂಥ ಕೆಲಸಕ್ಕೆ ಕೈ ಹಾಕುವವರು ಮೊದಲೇ ಲೆಕ್ಕಿಗರೊಂದಿಗೆ ಕುಳಿತು ಮಾತಾಡಿಕೊಳ್ಳಿ. ಬ್ಯಾಂಕಿನವರು ಕೇಳಿದಾಗ ನಾನು ತಡವರಿಸಿದ ಹಾಗೆ ಆಗಬಾರದು.

ಕಳೆದ ವಾರ ಆರ್ಡರ್ ಮುಗಿದು ಒಂದು ಯಂತ್ರ ನಿಂತಿತ್ತು. “ಇನ್ನೊಂದು 200 ಮಾಡಿಡಲೇ, ಸರ್?” ಎಂದರು ಆಪರೇಟರ್. ಬೇಡ ಎಂದೆ. ಆಮೇಲೆ ಅರ್ಧ ದಿನ ಆ ಕಡೆ ತಿರುಗಿ ನೋಡಲಿಲ್ಲ, ಎಲ್ಲಿ ಮಾಡಿ ಎಂದುಬಿಡುತ್ತೇನೋ ಎಂದು.